ರೋಟಿ ತಡವಾದರೆ ಸಪ್ಲೈಯರ್ ಹುಡುಗನ ಟಿಪ್ಸ್ ಯಾಕೆ ಹಿಡಿಯುತ್ತೀರಿ?

ಬಳ್ಳಾರಿಯಲ್ಲಿ ಹೋಟೆಲ್ ಮ್ಯಾನೇಜರಾಗಿ ನನಗೆ 18 ವರ್ಷವಾಯಿತು. ಅದಕ್ಕೂ ಮುಂಚೆ 6 ವರ್ಷ ಟೇಬಲ್ ಒರೆಸಿ, ಸಪ್ಲೈ ಮಾಡಿ ಬಂದವನು. ಬಿಲ್ಲಿನ ಫೋಲ್ಡರ್ ತೆರೆದು ನೋಡಿದರೆ ಸಾಕು, ಆ ಟೇಬಲ್ಲಿನವರು ಖುಷಿಯಾಗಿ ಎದ್ದರೋ ಸಿಟ್ಟಿನಲ್ಲಿ ಎದ್ದರೋ ನನಗೆ ಗೊತ್ತಾಗುತ್ತದೆ. ಖುಷಿಯಾದವರು ಸೋಂಪಿನ ಜೊತೆ ಹತ್ತೋ ಇಪ್ಪತ್ತೋ ಬಿಟ್ಟಿರುತ್ತಾರೆ. ಸಿಟ್ಟಾದವರು ಸೋಂಪಿನ ಕಾಳಿನ ನಡುವೆ ಬಿದ್ದ ಒಂದು ರೂಪಾಯಿ ನಾಣ್ಯವನ್ನೂ ಹೆಕ್ಕಿಕೊಂಡು ಹೋಗಿರುತ್ತಾರೆ. ಹೋಗುವಾಗ ನನ್ನ ಗಲ್ಲಾದ ಮುಂದೆಯೇ ಹಾದು ಹೋಗುತ್ತಾರೆ. "ಊಟ ಹೆಂಗಿತ್ರಿ ಸರ್?" ಅಂತ ಕೇಳಿದರೆ "ಹೂಂ, ಚಲೋ ಇತ್ತು" ಅನ್ನುತ್ತಾರೆ.

ನನ್ನ ತಕರಾರು ಈ "ಚಲೋ ಇತ್ತು" ಅನ್ನುವ ಮಾತಿನ ಮೇಲೆ. ಟಿಪ್ಸ್ ಕೊಡದಿದ್ದುದರ ಮೇಲಲ್ಲ. ಅದು ನಿಮ್ಮ ಖುಷಿ, ನಿಮ್ಮ ದುಡ್ಡು.

ಏಪ್ರಿಲ್‌ನ ಒಂದು ಭಾನುವಾರ ನಡೆದದ್ದು ಹೇಳುತ್ತೇನೆ. ಬಳ್ಳಾರಿ ಬಿಸಿಲು ಗೊತ್ತಲ್ಲ, ಹನ್ನೊಂದು ಗಂಟೆಗೇ ಗುಡ್ಡದ ಬಂಡೆ ಕಾದು ಊರಿಗೆಲ್ಲ ಝಳ ಹೊಡೆಯುತ್ತದೆ. ಮದುವೆ ಜವಳಿ ಮುಗಿಸಿಕೊಂಡು ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಒಬ್ಬ ಅಜ್ಜಿ. ಬಟರ್ ರೋಟಿ, ಕಾಜು ಮಸಾಲ, ಮಕ್ಕಳಿಗೆ ಗೋಬಿ ಮಂಚೂರಿ, ಅಜ್ಜಿಗೆ ಮೊಸರನ್ನ. ಆ ಟೇಬಲ್ ನೋಡಿಕೊಂಡವನು ಮಾನ್ವಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅಜ್ಜಿಯ ಮುಖ ನೋಡಿ ಮೊಸರನ್ನ ಮೊದಲು ತಂದಿಟ್ಟ. ಸ್ಟ್ಯಾಂಡ್ ಫ್ಯಾನನ್ನು ಆಕೆಯ ಕಡೆ ತಿರುಗಿಸಿದ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ರೋಟಿ ಮಾತ್ರ ಬರಲಿಲ್ಲ. ಆ ದಿನದ ಕೆಓಟಿ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ನಾನು ಆಮೇಲೆ ತೆಗೆದು ನೋಡಿದೆ. ಚೀಟಿ ಒಳಗೆ ಹೋದದ್ದು 1.14ಕ್ಕೆ. ರೋಟಿ ತಂದೂರಿನಿಂದ ಇಳಿದದ್ದು 1.51ಕ್ಕೆ. 37 ನಿಮಿಷ. ಅಷ್ಟರಲ್ಲಿ ಹುಡುಗ ನಾಲ್ಕು ಸಲ ಒಳಗೆ ಹೋಗಿ "ಮಾಸ್ಟ್ರೇ, ಏಳನೇ ಟೇಬಲ್ಲಿಂದು" ಅಂತ ಕೇಳಿ ಬೈಸಿಕೊಂಡು ಬಂದಿದ್ದ. ಹೊರಗೆ ಬಂದಾಗೆಲ್ಲ ಆ ಯಜಮಾನರ ಮುಂದೆ "ಐದು ನಿಮಿಷ ಸರ್" ಅಂದಿದ್ದ. ಯಜಮಾನರು ಬಿಲ್ ಕೊಟ್ಟು, ಚಿಲ್ಲರೆಯನ್ನು ಅವನ ಎದುರಿಗೇ ಎಣಿಸಿ ಜೇಬಿಗೆ ಹಾಕಿ, ಅವನ ಮುಖವನ್ನೇ ಒಂದು ಗಳಿಗೆ ನೋಡಿ ಎದ್ದರು. ನಾನು ಕೇಳಿದಾಗ ಅದೇ ಮಾತು, "ಚಲೋ ಇತ್ತು." ರಾತ್ರಿ ಫೋನಿನಲ್ಲಿ ಒಂದೇ ಸ್ಟಾರ್ ಬಂತು, "ಸಪ್ಲೈ ಮಾಡೋರು ವೇಸ್ಟ್" ಅಂತ.

ಹುಡುಗ ಬಂದು ಕೇಳಿದ, "ನಾ ಏನು ತಪ್ಪು ಮಾಡೀನ್ರಿ ಸರ್?"

ಅವನದು ಏನೂ ಇರಲಿಲ್ಲ. ನಮ್ಮಲ್ಲಿರುವುದು ಒಂದೇ ತಂದೂರು. ಆ ಅರ್ಧ ಗಂಟೆಯಲ್ಲಿ ಆನ್‌ಲೈನ್ ಪಾರ್ಸೆಲ್ ಆರ್ಡರ್ 11 ಬಂದಿದ್ದವು. ಆನ್‌ಲೈನ್ ಆರ್ಡರಿಗೆ ಗಡಿಯಾರ ಓಡುತ್ತಿರುತ್ತದೆ, ಹೆಲ್ಮೆಟ್ ಹಾಕಿಕೊಂಡ ಡೆಲಿವರಿ ಹುಡುಗರು ಬಾಗಿಲಲ್ಲೇ ನಿಂತಿರುತ್ತಾರೆ. ಹಾಗಾಗಿ ಮಾಸ್ಟರು ಪಾರ್ಸೆಲ್ ಮೊದಲು ಇಳಿಸುತ್ತಾರೆ, ಒಳಗೆ ಕೂತವರು ಕಾಯುತ್ತಾರೆ. ಈಗ ಬಹಳ ಹೋಟೆಲುಗಳಲ್ಲಿ ಊಟ ತಡವಾಗುವುದಕ್ಕೆ ಇದೇ ಕಾರಣ, ಗಿರಾಕಿಗಳಿಗೆ ಅದು ಕಾಣಿಸುವುದಿಲ್ಲ. ಯಾವ ಚೀಟಿ ಮೊದಲು ಅಂತ ತೀರ್ಮಾನಿಸುವ ಅಧಿಕಾರ ಸಪ್ಲೈಯರಿಗೆ ಇಲ್ಲ. ಅಧಿಕಾರ ಇದ್ದದ್ದು ನನಗೆ, ನನಗೆ ಯಾರೂ ಏನೂ ಹೇಳಲಿಲ್ಲ.

ದಯವಿಟ್ಟು ಇದೊಂದನ್ನು ಸಾವಧಾನವಾಗಿ ಕೇಳಿ. ನಮ್ಮಲ್ಲಿ ಟಿಪ್ಸ್ ಡಬ್ಬಿ ಇದೆ. ರಾತ್ರಿ ಬಾಗಿಲು ಎಳೆದ ಮೇಲೆ ಎಣಿಸಿ ಸಪ್ಲೈಯರುಗಳು, ಕ್ಲೀನರುಗಳು ಹಂಚಿಕೊಳ್ಳುತ್ತಾರೆ. ತಂದೂರ್ ಮಾಸ್ಟರಿಗೆ ಅದರಲ್ಲಿ ಪಾಲಿಲ್ಲ, ನನಗಿಲ್ಲ, ಮಾಲೀಕರಿಗೂ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನೀವು ಇಪ್ಪತ್ತು ರೂಪಾಯಿ ಹಿಡಿದರೆ, ಉಪ್ಪು ಹಾಕಿದವನಿಗೆ ಅದು ಮುಟ್ಟುವುದೇ ಇಲ್ಲ. ತಟ್ಟೆ ಎತ್ತಿದವನ ಪಾಲು ಕಡಿಮೆಯಾಗುತ್ತದೆ ಅಷ್ಟೇ. ಎಸಿ ಕೆಟ್ಟಿದೆ, ರೇಟು ಜಾಸ್ತಿ, ಕುರ್ಚಿ ಅಲುಗಾಡುತ್ತದೆ, ಇವಕ್ಕೆಲ್ಲ ಗಿರಾಕಿಗಳು ಟಿಪ್ಸ್ ಹಿಡಿಯುವುದನ್ನು ಕಂಡಿದ್ದೇನೆ. ಊಟ ತಣ್ಣಗೆ ಬಂದರೆ ಮಾತು ಬೇರೆ. ತಟ್ಟೆ ಕೌಂಟರಿನಲ್ಲಿ ಹತ್ತು ನಿಮಿಷ ಕೂತಿದ್ದರೆ ಅದು ಅವನ ತಪ್ಪಿರಬಹುದು, ಅಥವಾ ಒಬ್ಬನಿಗೇ ಒಂಬತ್ತು ಟೇಬಲ್ ಕೊಟ್ಟ ನನ್ನ ತಪ್ಪಿರಬಹುದು. ಕೂತಲ್ಲಿಂದ ನಿಮಗೆ ಹೇಳಲಾಗದು. ಕೇಳಿ ತಿಳಿದುಕೊಳ್ಳಬಹುದು.

ಹಾಗಂತ ಹುಡುಗರದು ತಪ್ಪೇ ಇರುವುದಿಲ್ಲ ಅನ್ನುತ್ತಿಲ್ಲ. ನೋಡಿಯೂ ನೋಡದಂತೆ ಹೋದ, ತಪ್ಪು ಐಟಂ ತಂದಿಟ್ಟು ಬದಲಾಯಿಸಲು ಗೊಣಗಿದ, ಹಳ್ಳಿಯಿಂದ ಬಂದವರು ಅಂತ ಮೆನು ಕೊಡುವಾಗಲೇ ಮುಖ ತಿರುವಿದ ಅಂದರೆ ಒಂದು ರೂಪಾಯಿಯನ್ನೂ ಇಡಬೇಡಿ. ಆದರೆ ಆಗಲೂ ಗಲ್ಲಾಕ್ಕೆ ಬಂದು ಹೇಳಿ ಹೋಗಿ. ಬರೀ ಟಿಪ್ಸ್ ಇಡದೆ ಹೋದರೆ ಅವನು ನಿಮ್ಮನ್ನು ಜಿಪುಣರು ಅಂದುಕೊಳ್ಳುತ್ತಾನೆಯೇ ಹೊರತು ತಿದ್ದಿಕೊಳ್ಳುವುದಿಲ್ಲ.

ಇನ್ನು ನಮ್ಮ ಭಾವನವರ ವಿಷಯ. ಮೊನ್ನೆ ಬೆಂಗಳೂರಿನಿಂದ ಬಂದವರು ಉಗ್ಗಾಣಿ-ಮಿರ್ಚಿ ತಿನ್ನುತ್ತಾ, ಅಲ್ಲಿ ಯಾವುದೋ ಹೋಟೆಲಿನಲ್ಲಿ ಸರ್ವಿಸ್ ಸರಿಯಿಲ್ಲದ್ದಕ್ಕೆ ಒಂದು ಪೈಸೆ ಟಿಪ್ಸ್ ಕೊಡಲಿಲ್ಲ ಅಂತ ಹೆಮ್ಮೆಯಿಂದ ಹೇಳಿದರು. ಬಿಲ್ ಪರ್ಸಿನಲ್ಲೇ ಇತ್ತು, ಇಸಿದುಕೊಂಡು ನೋಡಿದೆ. ಊಟ 840 ರೂಪಾಯಿ. ಕೆಳಗೆ ಸರ್ವಿಸ್ ಚಾರ್ಜ್ 10 ಪರ್ಸೆಂಟ್, 84 ರೂಪಾಯಿ. ಅದೂ ಸೇರಿಸಿದ 924ರ ಮೇಲೆ ಜಿಎಸ್‌ಟಿ 5 ಪರ್ಸೆಂಟ್, 46 ರೂಪಾಯಿ 20 ಪೈಸೆ. ಒಟ್ಟು 970 ಚಿಲ್ಲರೆ. "ಇದ್ಯಾವುದು ಭಾವ, 84?" ಅಂದೆ. "ಅದು ಟ್ಯಾಕ್ಸ್ ಅಲ್ಲೇನೋ" ಅಂದರು.

ಟ್ಯಾಕ್ಸ್ ಅಲ್ಲ! ಸರ್ವಿಸ್ ಟ್ಯಾಕ್ಸ್ ಅನ್ನುವುದು 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೇ ಹೋಯಿತು. ನಾವು ನೀವು ಹೋಗುವ ಸಾಧಾರಣ ಹೋಟೆಲುಗಳಲ್ಲಿ ಸರ್ಕಾರಕ್ಕೆ ಹೋಗುವುದು ಸಿಜಿಎಸ್‌ಟಿ ಅಂತ ಕೇಂದ್ರಕ್ಕೆ ಎರಡೂವರೆ ಪರ್ಸೆಂಟ್, ಎಸ್‌ಜಿಎಸ್‌ಟಿ ಅಂತ ರಾಜ್ಯಕ್ಕೆ ಎರಡೂವರೆ, ಅಷ್ಟೇ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲಿನವರು ಅದನ್ನೂ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ಹೋಗುವುದು ಹೋಟೆಲಿನ ಗಲ್ಲಾಕ್ಕೆ. ಅದರಲ್ಲಿ ಹುಡುಗರಿಗೆ ಎಷ್ಟು ಸಿಗುತ್ತದೆ ಅನ್ನುವುದು ಮಾಲೀಕರಿಗೆ ಬಿಟ್ಟದ್ದು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು: ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡುವಂತಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಅಂತ. ಅದೇ ತಿಂಗಳು ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. 2025ರ ಮಾರ್ಚ್ 28ರಂದು ಅದೇ ಹೈಕೋರ್ಟ್ ಹೋಟೆಲ್ ಸಂಘಗಳ ಅರ್ಜಿ ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಿಲ್ಲಿನಿಂದ ತೆಗೆಯಿರಿ ಅಂತ ಕೇಳಬಹುದು, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ವಕೀಲನಲ್ಲ, ಕೋರ್ಟಿನ ವಿಷಯ ಬದಲಾಗುತ್ತಿರುತ್ತದೆ. ಜಗಳಕ್ಕೆ ನಿಲ್ಲುವ ಮೊದಲು ತಿಳಿದವರನ್ನು ಕೇಳಿಕೊಳ್ಳಿ.

ನನಗೆ ಸಂಕಟವಾಗುವುದು ಎಲ್ಲಿ ಅಂದರೆ, ಭಾವ ಅದೇ ಕೆಟ್ಟ ಸರ್ವಿಸಿಗೆ ಮಾಲೀಕರಿಗೆ 84 ರೂಪಾಯಿ, ಅದರ ಮೇಲಿನ ತೆರಿಗೆ 4 ರೂಪಾಯಿ 20 ಪೈಸೆ ತುಟಿ ಪಿಟಕ್ಕೆನ್ನದೆ ಕೊಟ್ಟು ಬಂದಿದ್ದರು. ಸಿಟ್ಟು ತೀರಿಸಿಕೊಂಡದ್ದು ನೀರು ತಂದುಕೊಟ್ಟವನ ಮೇಲೆ. ಭಾವ ಕೆಟ್ಟವರಲ್ಲ. ಮನೆಗೆ ಬಂದವರನ್ನು ಉಣಿಸದೆ ಕಳಿಸಿದವರಲ್ಲ. ಬಿಲ್ ಓದುವ ಅಭ್ಯಾಸ ಇಲ್ಲ, ಬಾಯಿಬಿಟ್ಟು ಕೇಳಲು ಸಂಕೋಚ.

ಟಿಪ್ಸ್ ಯಾರ ಹಣ ಅನ್ನುವುದಕ್ಕೂ ಕೋರ್ಟಿನ ಮಾತಿದೆ. 2016ರಲ್ಲಿ ಐಟಿಸಿ ಕಂಪನಿಯ ಆದಾಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಿರಾಕಿ ಕೊಟ್ಟ ಟಿಪ್ಸನ್ನು ಹೋಟೆಲು ನೌಕರರ ಪರವಾಗಿ ಟ್ರಸ್ಟಿಯಂತೆ ಇಟ್ಟುಕೊಂಡಿರುತ್ತದೆ, ಅದು ಮಾಲೀಕ ಕೊಡುವ ಸಂಬಳ ಅಲ್ಲ ಅಂತ ಹೇಳಿತು. ಪ್ರಕರಣ ತೆರಿಗೆಯದು, ಆದರೂ ಆ ಮಾತನ್ನು ನಾನು ಮರೆಯುವುದಿಲ್ಲ. ನಾನು ಸಪ್ಲೈಯರಾಗಿದ್ದ ಒಂದು ಹೋಟೆಲಿನಲ್ಲಿ ಒಡೆದ ಗ್ಲಾಸಿನ ದುಡ್ಡನ್ನು ಟಿಪ್ಸ್ ಡಬ್ಬಿಯಿಂದಲೇ ಮುರಿದುಕೊಳ್ಳುತ್ತಿದ್ದರು. ಹಬ್ಬದ ವಾರ ಡಬ್ಬಿಗೆ ಬಿದ್ದದ್ದೆಲ್ಲ ಗ್ಲಾಸಿಗೇ ಹೋಗಿತ್ತು.

ಇತ್ತೀಚಿನ ಇನ್ನೊಂದು ತೊಂದರೆ ಸ್ಕ್ಯಾನರ್. 462ರ ಬಿಲ್ಲಿಗೆ 500 ಸ್ಕ್ಯಾನ್ ಮಾಡಿ "ಉಳಿದದ್ದು ಹುಡುಗನಿಗೆ ಕೊಡಿ" ಅನ್ನುತ್ತೀರಿ. ಆ 38 ರೂಪಾಯಿ ಬೀಳುವುದು ಮಾಲೀಕರ ಖಾತೆಗೆ. ನಾನು ಆಗಲೇ ಗಲ್ಲಾದಿಂದ ತೆಗೆದು ಡಬ್ಬಿಗೆ ಹಾಕುತ್ತೇನೆ. ಎಲ್ಲ ಕಡೆ ಹಾಗೆ ನಡೆಯುತ್ತದೆ ಅಂತ ಹೇಳಲಾರೆ. ಕೊಡುವ ಮನಸ್ಸಿದ್ದರೆ ನೋಟು ಕೈಗೆ ಕೊಡಿ.

ಅಮೆರಿಕದಲ್ಲಿ ಮಗ ಇರುವವರು ಬಂದಾಗ "ಅಲ್ಲಿ ಇಪ್ಪತ್ತು ಪರ್ಸೆಂಟ್ ಕೊಡಲೇಬೇಕಂತೆ, ಇಲ್ಲೂ ಹಂಗೇನ್ರಿ?" ಅಂತ ಕೇಳುತ್ತಾರೆ. ಅಲ್ಲಿಯ ಲೆಕ್ಕ ಬೇರೆ. ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಟಿಪ್ಸ್ ಪಡೆಯುವವರಿಗೆ ಮಾಲೀಕ 2.13 ಡಾಲರ್ ಕೊಟ್ಟರೂ ನಡೆಯುತ್ತದೆ, ಉಳಿದದ್ದು ಟಿಪ್ಸಿನಿಂದ ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಆ ಮುರಿತ ಇಲ್ಲ. ನಮ್ಮಲ್ಲಿ ಹೋಟೆಲ್ ಕೆಲಸಕ್ಕೂ ರಾಜ್ಯ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡುತ್ತದೆ, ಟಿಪ್ಸ್ ಬರುತ್ತದೆ ಅಂತ ಅದರಲ್ಲಿ ಮುರಿಯುವಂತಿಲ್ಲ. ಹಾಗಾಗಿ ಇಲ್ಲಿ ಪರ್ಸೆಂಟಿನ ಲೆಕ್ಕ ಬೇಡ. ಕೂತು ಉಣ್ಣುವ ಕಡೆ ಹತ್ತೋ ಇಪ್ಪತ್ತೋ ಇಟ್ಟರೆ ಯಾವ ಹುಡುಗನೂ ಬೇಸರ ಮಾಡಿಕೊಂಡದ್ದು ನಾನು ಕಂಡಿಲ್ಲ. ನಿಂತು ತಿನ್ನುವ ಕಡೆ ಏನೂ ಬೇಡ.

ಆ ಭಾನುವಾರದ ಮುಂದಿನ ವಾರ ಸಿರುಗುಪ್ಪ ಕಡೆಯ ಒಬ್ಬ ಹಿರಿಯರು ಬಂದಿದ್ದರು. ಅವರಿಗೂ ರೋಟಿ ತಡ, ಅದೇ ಹುಡುಗ. ಅರ್ಧ ಗಂಟೆಯಾದ ಮೇಲೆ ಎದ್ದು ನನ್ನ ಹತ್ತಿರ ಬಂದರು. "ಏನಪಾ ಮ್ಯಾನೇಜರ, ನನ್ನ ಹಿಂದ ಬಂದ ಪಾರ್ಸಲ್ ಎಂಟು ಹೋದ್ವು, ನಾ ಇನ್ನೂ ನೀರೇ ಕುಡ್ಕೋತ ಕುಂತೀನಿ. ಆ ಹುಡುಗ ಪಾಪ ಓಡಾಡಿ ಸಾಯಾಕತ್ಯಾನ, ಅವನಿಗೇನೂ ಅನಬ್ಯಾಡ" ಅಂದರು. ಎಂಟು ಅಂತ ಎಣಿಸಿದ್ದರು. ನಾನು ಬಿಲ್ಲಿನಲ್ಲಿ ರೋಟಿಯ ದುಡ್ಡು ತೆಗೆದೆ. ಅವರು ಹುಡುಗನ ಕೈಗೆ ಇಪ್ಪತ್ತರ ನೋಟು ಇಟ್ಟು, ಯಾವೂರು ಅಂತ ಕೇಳಿ ಹೋದರು.

ಆ ರಾತ್ರಿ ಮಾಲೀಕರ ಜೊತೆ ಕೂತು ಮಾತಾಡಿದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆವರೆಗೆ ಆನ್‌ಲೈನಿನಲ್ಲಿ ರೋಟಿ ಬಂದ್ ಮಾಡಿದ್ದೇವೆ. ಎರಡನೇ ತಂದೂರಿಗೆ ಮುಂಗಡ ಕೊಟ್ಟಾಗಿದೆ, ಮುಂದಿನ ತಿಂಗಳು ಬರುತ್ತದೆ.