ಕ್ಯಾನ್ಸರ್ ಅಲ್ಲದ ಗಂಟು, ಪರದೆಯ ಕೆಳಗಿನ ನೀರು

ದೃಷ್ಟಿ ಮಸುಕಾಯಿತೆಂದು ವಿಜಯಪುರ, ಬಾಗಲಕೋಟೆ ಕಡೆಯವರು ಕಣ್ಣು ತೋರಿಸಲು ಹೋದಾಗ, ಪೊರೆ ಬಂದಿಲ್ಲ, ಪರದೆಯ ಕೆಳಗೆ ನೀರು ತುಂಬಿದೆ ಎಂಬ ಉತ್ತರ ಕೆಲವೊಮ್ಮೆ ಸಿಗುತ್ತದೆ. ಮುಂದೆ ಬೆಳಗಾವಿ, ಹುಬ್ಬಳ್ಳಿ, ಮಿರಜ್ ಎಂದು ಅಲೆಯುವಾಗ ಒಬ್ಬರು ಲೇಸರ್ ಎಂದರೆ ಇನ್ನೊಬ್ಬರು ವಿಕಿರಣ ಎನ್ನುತ್ತಾರೆ, ಮತ್ತೊಬ್ಬರು ಕಾದು ನೋಡೋಣ ಎನ್ನುತ್ತಾರೆ.

ಪರದೆಯ, ಅಂದರೆ ರೆಟಿನಾದ, ಹಿಂದಿರುವ ಕೋರಾಯ್ಡ್ ಪದರದಲ್ಲಿ ರಕ್ತನಾಳಗಳು ಗುಂಪುಗಟ್ಟಿ ಕಿತ್ತಳೆ ಮಿಶ್ರಿತ ಕೆಂಪು ಗಂಟಾದರೆ ಅದನ್ನು ಹಿಮ್ಯಾಂಜಿಯೋಮ ಎನ್ನುತ್ತಾರೆ. ಅದು ದೇಹದಲ್ಲಿ ಹರಡುವುದಿಲ್ಲ. ಆದರೆ ಅದರಿಂದ ಒಸರುವ ದ್ರವ ರೆಟಿನಾವನ್ನು ಮೇಲೆತ್ತುತ್ತದೆ. ಬೆಳಕನ್ನು ಗ್ರಹಿಸುವ ಕೋಶಗಳಿಗೆ ಪೋಷಣೆ ಬರುವುದೇ ಕೋರಾಯ್ಡ್‌ನಿಂದಾದ್ದರಿಂದ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ನೀರು ಇಂಗಿದ ಮೇಲೂ ದೃಷ್ಟಿ ಮರಳದೆ ಹೋಗಬಹುದು. ‘ಕ್ಯಾನ್ಸರ್ ಅಲ್ಲ’ ಎಂಬ ಸಮಾಧಾನದ ಮಾತಿನಲ್ಲಿ ಈ ಅವಸರ ಮರೆಯಾಗಬಾರದು.

ಒಂದು ಕಾಲದಲ್ಲಿ ಇದನ್ನು ಮೆಲನೋಮ ಎಂಬ ಕ್ಯಾನ್ಸರ್ ಎಂದು ಶಂಕಿಸಿ ಕಣ್ಣನ್ನೇ ತೆಗೆದದ್ದುಂಟು; ಅಲ್ಟ್ರಾಸೌಂಡ್ ಮತ್ತು ಬಣ್ಣದ ಇಂಜೆಕ್ಷನ್ ಪರೀಕ್ಷೆಗಳು ಆ ತಪ್ಪನ್ನು ಬಹುಮಟ್ಟಿಗೆ ತಡೆದವು. ಬಳಿಕ ಬಂದ ಕ್ಸೆನಾನ್ ಬೆಳಕು, ಆರ್ಗಾನ್ ಲೇಸರ್‌ಗಳು ನೀರನ್ನು ಒಣಗಿಸಿದರೂ ಅದು ಮತ್ತೆ ತುಂಬುತ್ತಿತ್ತು, ಸುಟ್ಟ ಕಲೆಯೂ ಉಳಿಯುತ್ತಿತ್ತು. ವಿಕಿರಣ ಗಂಟನ್ನು ಕುಗ್ಗಿಸುತ್ತದೆ, ಆದರೆ ವರ್ಷಗಳ ನಂತರ ರೆಟಿನಾಕ್ಕೆ ಹಾನಿ ಮಾಡೀತೆಂಬ ಭಯವಿದೆ.

ದೊಡ್ಡ ತಿರುವು ಬಂದದ್ದು 2000ರ ಸುಮಾರಿಗೆ, ಫೋಟೋಡೈನಮಿಕ್ ಚಿಕಿತ್ಸೆಯೊಂದಿಗೆ. ವರ್ಟಿಪೋರ್ಫಿನ್ ಎಂಬ ಔಷಧವನ್ನು ತೋಳಿನ ರಕ್ತನಾಳದ ಮೂಲಕ ಕೊಟ್ಟು, 689 ನ್ಯಾನೋಮೀಟರ್‌ನ ಕೆಂಪು ಬೆಳಕನ್ನು ಸಾಮಾನ್ಯವಾಗಿ 83 ಸೆಕೆಂಡು ಗಂಟಿನ ಮೇಲೆ ಹಾಯಿಸುತ್ತಾರೆ. ಇಲ್ಲಿ ಸುಡುವುದಿಲ್ಲ, ಬೆಳಕು ತಾಗಿದ ಔಷಧವೇ ಗಂಟಿನ ನಾಳಗಳನ್ನು ಮುಚ್ಚುತ್ತದೆ, ಮೇಲಿನ ರೆಟಿನಾ ಬಹುಪಾಲು ಉಳಿಯುತ್ತದೆ. ಹಲವರಿಗೆ ಒಂದೇ ಸಲಕ್ಕೆ ನೀರು ಇಂಗಿದೆ. ಆಮೇಲೆ ಐದು ದಿನ ನೇರ ಬಿಸಿಲಿಗೆ ಮೈ ಒಡ್ಡಬಾರದು. ಏಪ್ರಿಲ್‌ನಲ್ಲಿ ಬಸ್ಸಿನಲ್ಲಿ ವಿಜಯಪುರಕ್ಕೆ ಮರಳುವವರಿಗೆ, ಹೊಲದ ಕೆಲಸ ಕಾದಿರುವವರಿಗೆ, ಇದು ಸಣ್ಣ ಪಥ್ಯವಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, 2021ರಿಂದೀಚೆಗೆ ಜಗತ್ತಿನ ಹಲವೆಡೆ ಈ ಔಷಧದ ಕೊರತೆ ಕಾಡಿದೆ. ಅಪರೂಪದ ರೋಗದವರ ದನಿ ಕ್ಷೀಣವಾದದ್ದು; ಔಷಧವಿಲ್ಲದಾಗ ಹಳೆಯ ಲೇಸರ್, ವಿಕಿರಣಗಳತ್ತ ಮತ್ತೆ ನೋಡಬೇಕಾಗುತ್ತದೆ. ರೋಗಿಗೆ ಗೊಂದಲವೆನಿಸುವ ಸಲಹೆಗಳ ಹಿಂದೆ ಈ ಕಾರಣವೂ ಇದೆ.

ಮುಖದ ಮೇಲೆ, ಅದರಲ್ಲೂ ಹಣೆ ಮತ್ತು ರೆಪ್ಪೆಯ ಮೇಲೆ, ಕೆಂಪು ಮಚ್ಚೆಯೊಂದಿಗೆ ಹುಟ್ಟಿದ ಮಕ್ಕಳದು ಬೇರೆಯೇ ಕಥೆ. 1879ರಲ್ಲಿ ಸ್ಟರ್ಜ್ ಎಂಬ ವೈದ್ಯ ವಿವರಿಸಿದ ಈ ಸ್ಥಿತಿಯಲ್ಲಿ ಗಂಟು ಒಂದೆಡೆ ನಿಲ್ಲದೆ ಕೋರಾಯ್ಡ್ ತುಂಬ ಹಬ್ಬಿರಬಹುದು, ಕಣ್ಣಿನ ಒತ್ತಡ ಹೆಚ್ಚಿ ನರಕ್ಕೆ ಹಾನಿ ಮಾಡುವ ಗ್ಲಾಕೋಮವೂ ಜೊತೆಗೂಡಬಹುದು. ಒಂದು ಕಣ್ಣು ಮಸುಕಾಗಿದೆ ಎಂದು ಹೇಳಲು ಕೂಸಿಗೆ ಬಾಯಿಲ್ಲ. ಹುಟ್ಟಿದ ಮೊದಲ ವಾರಗಳಲ್ಲೇ ಕಣ್ಣಿನ ಒತ್ತಡವನ್ನೂ ಪರದೆಯನ್ನೂ ಪರೀಕ್ಷೆ ಮಾಡಿಸಬೇಕು.