ಸ್ಲಾಟಿಗೆ ಕೂತರೂ ಹಳೇ ಕಾರ್ಡ್ ಯಾಕೆ ಕೆಲಸ ಮಾಡಲ್ಲ?

ಹಳೇ ಕಂಪ್ಯೂಟರಿನ ಸ್ಲಾಟಿಗೆ (ಬೋರ್ಡಿನ ಮೇಲಿನ ಉದ್ದನೆಯ ಸೀಳಿಗೆ) ಕಾರ್ಡ್, ಅಂದರೆ ಸೌಂಡ್, ನೆಟ್‌ವರ್ಕ್‌ನಂಥ ಕೆಲಸಕ್ಕೆ ಹಾಕುವ ಸರ್ಕಿಟ್ ಹಲಗೆ, ಸರಿಯಾಗಿ ಕೂತರೆ ಸಾಕು, ಅದು ನಡೆಯಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕೂರುವುದು ಬೇರೆ, ಹೊಂದಿಕೊಳ್ಳುವುದು ಬೇರೆ. ಈ ತೊಂದರೆ ಶುರುವಾಗಿದ್ದು ಮೊದಲನೇ ಐಬಿಎಂ ಪಿಸಿಯಿಂದಲೇ.

1981ರ ಆಗಸ್ಟ್‌ನಲ್ಲಿ ಬಂದ ಆ ಮಷೀನಿನಲ್ಲಿ ಐದು ಸ್ಲಾಟ್ ಇದ್ದವು. ಪ್ರತಿಯೊಂದಕ್ಕೂ 62 ಸಂಪರ್ಕ, ಒಂದು ಸಲಕ್ಕೆ 8 ಬಿಟ್, ವೇಗ 4.77 ಮೆಗಾಹರ್ಟ್ಸ್. ಐಬಿಎಂ ತನ್ನ ಕೈಪಿಡಿಯಲ್ಲಿ ಸರ್ಕಿಟ್ ಚಿತ್ರಗಳನ್ನೂ ಬಯಾಸ್ (ಮಷೀನ್ ಶುರುವಾದಾಗ ಮೊದಲು ಓಡುವ ಪ್ರೋಗ್ರಾಮ್) ಕೋಡನ್ನೂ ಅಚ್ಚು ಹಾಕಿಸಿಬಿಟ್ಟಿತು. ಅದನ್ನು ನೋಡಿಕೊಂಡು ಯಾರು ಬೇಕಾದರೂ ಕಾರ್ಡ್ ಮಾಡಬಹುದಿತ್ತು, ಮಾಡಿದರು ಕೂಡ. ಆದರೆ ಯಾವ ಸಿಗ್ನಲ್ ಎಷ್ಟು ಹೊತ್ತಿಗೆ ಬರಬೇಕು ಎಂಬ ಕಟ್ಟುನಿಟ್ಟಾದ ನಿಯಮ ಮಾತ್ರ ಎಲ್ಲೂ ಇರಲಿಲ್ಲ. ಐಬಿಎಂ ಮಷೀನಿನಲ್ಲಿ ನಡೆದರೆ ಸರಿ, ಅಷ್ಟೇ.

ಐಬಿಎಂನ ಸ್ವಂತ ಮಷೀನುಗಳೂ ಇದರಿಂದ ಪಾರಾಗಲಿಲ್ಲ. 1982ರ ಅಕ್ಟೋಬರ್ 27ರ ಬಯಾಸ್‌ಗಿಂತ ಹಿಂದಿನ ಪಿಸಿಗಳು ಕಾರ್ಡಿನ ಮೇಲಿರುವ ರೋಮ್ ಚಿಪ್ಪನ್ನು (ಕಾರ್ಡನ್ನು ನಡೆಸುವ ಪ್ರೋಗ್ರಾಮ್ ಇರುವ ಚಿಪ್) ಹುಡುಕುವುದೇ ಇಲ್ಲ. ಅಂಥದ್ದಕ್ಕೆ ಹಾರ್ಡ್ ಡಿಸ್ಕ್ ಕಾರ್ಡ್ ಹಾಕಿದರೆ, ಅಲ್ಲಿ ಕಾರ್ಡೇ ಇಲ್ಲವೇನೋ ಎಂಬಂತೆ ಮಷೀನ್ ಮುಂದೆ ಹೋಗುತ್ತದೆ. ಬಯಾಸ್ ಚಿಪ್ ಬದಲಿಸಿದರೂ ಇನ್ನೊಂದು ಅಡ್ಡಿ ಇದೆ: ಪವರ್ ಸಪ್ಲೈ ಬರೀ 63.5 ವ್ಯಾಟಿನದು. 1983ರ ಎಕ್ಸ್‌ಟಿ ಮಾದರಿಯಲ್ಲಿ ಅದನ್ನು 130ಕ್ಕೆ ಏರಿಸಿದರು.

1984ರಲ್ಲಿ ಐಬಿಎಂನ ಎಟಿ ಮಾದರಿ ಬಂತು. ಹಳೇ ಸ್ಲಾಟಿನ ಹಿಂದೆ 36 ಸಂಪರ್ಕದ ಇನ್ನೊಂದು ತುಂಡು ಸೇರಿಸಿ 16 ಬಿಟ್ ಮಾಡಿದರು. ಹಳೇ ಕಾರ್ಡುಗಳೂ ಅದರಲ್ಲಿ ಕೂರುತ್ತಿದ್ದವು. ಅಷ್ಟರಲ್ಲಿ ಪೈಪೋಟಿಗೆ ಬಿದ್ದ ಬೇರೆ ಕಂಪನಿಗಳು ಪ್ರೊಸೆಸರಿನ ಜೊತೆ ಸ್ಲಾಟಿನ ವೇಗವನ್ನೂ 10, 12 ಮೆಗಾಹರ್ಟ್ಸ್‌ಗೆ ಏರಿಸಿದವು. 4.77ಕ್ಕೆ ಮಾಡಿದ ಕಾರ್ಡುಗಳು ಅಲ್ಲಿ ತಡಬಡಾಯಿಸಿದವು. ಆಮೇಲೆ ಎಲ್ಲರೂ ಸುಮಾರು 8ಕ್ಕೇ ಬಂದು ನಿಂತರು.

ಆದರೆ ಜಾಸ್ತಿ ತಲೆನೋವು ಕೊಟ್ಟಿದ್ದು ವೇಗವಲ್ಲ, ಐಆರ್‌ಕ್ಯೂ. ಕಾರ್ಡಿಗೆ ಪ್ರೊಸೆಸರಿನ ಗಮನ ಬೇಕಾದಾಗ ಅದು ಒಂದು ತಂತಿಯ ಮೂಲಕ ಕೂಗುತ್ತದೆ. ಪಿಸಿಯಲ್ಲಿ ಇಂಥ ತಂತಿಗಳು ಎಂಟೇ. ಅದರಲ್ಲಿ ಟೈಮರ್, ಕೀಬೋರ್ಡ್, ಫ್ಲಾಪಿಗೆ ಒಂದೊಂದು ಹೋಯಿತು. ಮೌಸ್‌ನಂಥವನ್ನು ಸಿಕ್ಕಿಸುವ ಸೀರಿಯಲ್ ಪೋರ್ಟುಗಳಿಗೆ 4 ಮತ್ತು 3ನೇ ತಂತಿ, ಪ್ರಿಂಟರಿಗೆ 7ನೆಯದು. ಎಟಿಯಲ್ಲಿ ಇನ್ನೂ ಎಂಟು ಸೇರಿದರೂ 8 ಬಿಟ್ ಕಾರ್ಡಿಗೆ ಆ ಹೊಸ ತಂತಿಗಳು ಬಹುತೇಕ ತಾಗುವುದಿಲ್ಲ, ಸ್ಲಾಟಿಗೆ ಬರುವವುಗಳಲ್ಲಿ ಹೆಚ್ಚಿನವು ಹಿಂದಿನ ತುಂಡಿನಲ್ಲಿವೆ. ಎರಡು ಕಾರ್ಡ್ ಒಂದೇ ತಂತಿ ಹಿಡಿದರೆ ಒಂದರ ಕೂಗು ಇನ್ನೊಂದರಲ್ಲಿ ಮುಚ್ಚಿಹೋಗುತ್ತದೆ. ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡುಗಳು ಎಷ್ಟೋ ಸಲ 3ನೇ ತಂತಿಗೆ ಹೊಂದಿಸಿಯೇ ಬರುತ್ತಿದ್ದವು. ಎರಡನೇ ಸೀರಿಯಲ್ ಪೋರ್ಟಿನದೂ ಅದೇ ಅಲ್ವಾ? ಮೌಸ್ ಆ ಪೋರ್ಟಿನಲ್ಲಿದ್ದರೆ ನೆಟ್‌ವರ್ಕ್ ಶುರುವಾದ ಕ್ಷಣ ಮೌಸ್ ನಿಂತುಹೋಗುತ್ತಿತ್ತು. ಇದಕ್ಕೆ ಪರಿಹಾರ ಜಂಪರ್: ಕಾರ್ಡಿನ ಮೇಲೆ ಸಾಲಾಗಿ ನಿಂತ ಸಣ್ಣ ಪಿನ್ನುಗಳು, ಎರಡೆರಡನ್ನು ಜೋಡಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿ. ಚಿಮಟದಲ್ಲಿ ಅದನ್ನು ಕಿತ್ತು ಪಕ್ಕದ ಜೋಡಿಗೆ ಹಾಕಬೇಕು. ಯಾವ ಜೋಡಿ ಅಂತ ಹೇಳುವ ಚೀಟಿ ಕಳೆದುಹೋಗಿದ್ದರೆ ಒಂದೊಂದೇ ಹಾಕಿ ನೋಡುತ್ತಾ ಕೂರಬೇಕು.

ನಮ್ಮ ಭಾಷೆಗೂ ಆಗ ಒಂದು ಸ್ಲಾಟ್ ಬೇಕಾಗಿತ್ತು ಅನ್ನೋದು ಈಗ ಎಷ್ಟು ಜನಕ್ಕೆ ನೆನಪಿದೆಯೋ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಹಾಕಿದರೆ ಡಾಸ್ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಕನ್ನಡ, ಮರಾಠಿ ಎರಡೂ ಬೇಕಾದ ಬೆಳಗಾವಿಯಂಥ ಊರಿಗೆ ಅದು ದೊಡ್ಡ ಅನುಕೂಲ. ಅಕ್ಷರಕ್ಕೂ ಹಾರ್ಡ್‌ವೇರ್ ಬೇಕಿದ್ದ ಕಾಲ ಅದು.

1987ರಲ್ಲಿ ಐಬಿಎಂ ಜಂಪರ್, ತಂತಿಗಳ ಈ ಗೊಂದಲವನ್ನೆಲ್ಲ ಗುಡಿಸಿಹಾಕಲು ಹೊರಟಿತು. ಪಿಎಸ್/2 ಮಷೀನುಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟ್ ಬಂತು. ಜಂಪರ್ ಇಲ್ಲ, ಫ್ಲಾಪಿಯಿಂದಲೇ ಸೆಟ್ಟಿಂಗ್, ಒಂದೇ ತಂತಿಯನ್ನು ಹಲವು ಕಾರ್ಡ್ ಹಂಚಿಕೊಳ್ಳಬಹುದು. ನನ್ನ ಪ್ರಕಾರ ಎಂಜಿನಿಯರಿಂಗ್ ದೃಷ್ಟಿಯಿಂದ ಅದೇ ಒಳ್ಳೆಯದು. ಆದರೂ ಸೋತಿತು, ಯಾಕೆಂದರೆ ಜನ ದುಡ್ಡು ಕೊಟ್ಟು ಕೊಂಡಿದ್ದ ಒಂದೇ ಒಂದು ಕಾರ್ಡೂ ಅದರಲ್ಲಿ ಕೂರುತ್ತಿರಲಿಲ್ಲ, ಮೇಲಾಗಿ ಬೇರೆ ಕಂಪನಿಗಳು ಅದನ್ನು ಬಳಸಲು ಐಬಿಎಂಗೆ ದುಡ್ಡು ಕಟ್ಟಬೇಕಿತ್ತು. 1988ರ ಸೆಪ್ಟೆಂಬರ್‌ನಲ್ಲಿ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಇಐಎಸ್‌ಎ ಎಂಬ ತಮ್ಮದೇ ಸ್ಲಾಟ್ ಘೋಷಿಸಿದವು. ಅದರ ಸ್ಲಾಟಿನಲ್ಲಿ ಎರಡು ಅಂತಸ್ತು: ಹಳೇ ಕಾರ್ಡ್ ಮೇಲೇ ನಿಲ್ಲುತ್ತದೆ, ಹೊಸದು ಕೆಳಗಿನವರೆಗೆ ಇಳಿಯುತ್ತದೆ. ಹಳೇ ಸ್ಲಾಟಿಗೆ ಐಎಸ್‌ಎ ಎಂಬ ಹೆಸರು ಬಿದ್ದಿದ್ದೂ ಆಗಲೇ.

ಮುಂದೆ 1992ರಲ್ಲಿ ಪಿಸಿಐ ಎಂಬ ಹೊಸ ಬಗೆಯ ಸ್ಲಾಟ್ ಬಂತು, 1993ರಲ್ಲಿ ಐಎಸ್‌ಎಗೂ ಪ್ಲಗ್ ಅಂಡ್ ಪ್ಲೇ (ಜಂಪರ್ ಇಲ್ಲದೆ ತಾನಾಗಿಯೇ ಹೊಂದಿಸಿಕೊಳ್ಳುವ) ನಿಯಮ ಬಂತು. 1999ರ ಇಂಟೆಲ್ 810 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್ಪುಗಳ ಗುಂಪು) ಹೊತ್ತಿಗೆ ಐಎಸ್‌ಎಯನ್ನೇ ಕೈಬಿಡತೊಡಗಿದರು.

ಆದರೆ ಮಷೀನುಗಳ ಆಯಸ್ಸು ಜಾಸ್ತಿ. ಬೆಳಗಾವಿಯ ಉದ್ಯಮಬಾಗಿನ ವರ್ಕ್‌ಶಾಪೊಂದರಲ್ಲಿ ಐಎಸ್‌ಎ ಕಾರ್ಡಿನಿಂದ ನಡೆಯುವ ಟೆಸ್ಟಿಂಗ್ ಮಷೀನ್ ಇನ್ನೂ ಇದೆ. ಕಂಪ್ಯೂಟರ್ ಕೆಟ್ಟಾಗ ಅವರು ಗುಜರಿಯಿಂದ ಪೆಂಟಿಯಂ ಬೋರ್ಡ್ ತಂದಿದ್ದರು. "ಕಾರ್ಡ್ ಬರೋಬ್ಬರಿ ಕುಂದರತೈತ್ರಿ ಸರ್, ಆದ್ರ ಮಷೀನ್ ಗುರುತ ಹಿಡೀವಲ್ದು" ಅಂದರು ಮಾಲೀಕರು. ಕಾರ್ಡಿನ ಅಂಚನ್ನು ರಬ್ಬರಿನಿಂದ ತಿಕ್ಕಿಯೂ ಆಗಿತ್ತು. ಕಾರ್ಡಿನ ಜಂಪರ್ 5ರಲ್ಲಿತ್ತು. ಬೋರ್ಡು ಅದೇ 5ನ್ನು ತಾನಾಗಿಯೇ ಪಿಸಿಐ ಕಾರ್ಡೊಂದಕ್ಕೆ ಕೊಟ್ಟುಬಿಟ್ಟಿತ್ತು. ಬಯಾಸ್ ಸೆಟ್ಟಿಂಗಿನಲ್ಲಿ 5ನ್ನು 'ಲೆಗಸಿ ಐಎಸ್‌ಎ'ಗೆ ಮೀಸಲಿಟ್ಟ ಮೇಲೆ ಮಷೀನ್ ಓಡಿತು.

ಇಂಥ ಬೋರ್ಡ್ ಹುಡುಕುವವರು ಪವರ್ ಸಪ್ಲೈ ಕಡೆಗೂ ಒಂದು ಕಣ್ಣಿಡಿ. ಐಎಸ್‌ಎ ಸ್ಲಾಟಿನಲ್ಲಿ ಮೈನಸ್ 5 ವೋಲ್ಟಿಗೆ ಒಂದು ಪಿನ್ ಇದೆ. ಈಗಿನ ಸಪ್ಲೈಗಳಲ್ಲಿ ಆ ವೋಲ್ಟೇಜೇ ಬರುವುದಿಲ್ಲ. ಸುಮಾರು ಕಾರ್ಡುಗಳಿಗೆ ಅದು ಬೇಡ, ಕೆಲವು ಹಳೇ ಸೌಂಡ್ ಕಾರ್ಡುಗಳಿಗೆ ಬೇಕೇ ಬೇಕು. ಕಾರ್ಡ್ ಬಿಚ್ಚುವ ಮುಂಚೆ ಜಂಪರುಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.