ನರಕೋಶದ ಮೇಲಿನ ಸಕ್ಕರೆಗೆ ಅಣುಗಳು ಅಂಟುವುದು ಹೇಗೆ?

ಮಂಡ್ಯದ ಕಡೆ ಕಬ್ಬು ಕಡಿಯುವಾಗ ಮಚ್ಚು ತಗುಲಿ ಕಾಲು ಕುಯ್ದರೆ, ಮನೆಯವರು ಮೊದಲು ಹೇಳುವುದೇ "ಟಿಟಿ ಹಾಕಿಸ್ಕೊಂಡು ಬಾ" ಅಂತ. ಮಣ್ಣಿನಲ್ಲಿರುವ ಧನುರ್ವಾಯುವಿನ ಬ್ಯಾಕ್ಟೀರಿಯಾ ಗಾಯದೊಳಗೆ ಬೆಳೆದು ವಿಷ ಬಿಡುತ್ತದೆ. ಮೈಯಲ್ಲಿ ಇಷ್ಟೊಂದು ಬಗೆಯ ಜೀವಕೋಶಗಳಿವೆ. ಆ ವಿಷ ನರಕೋಶವನ್ನೇ ಹುಡುಕಿ ಹಿಡಿಯುವುದು ಹೇಗೆ? ಮಾನಸಗಂಗೋತ್ರಿಯಲ್ಲಿ ಜೊತೆಗೆ ಬಯೋಕೆಮಿಸ್ಟ್ರಿ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ನರಕೋಶದ ಪೊರೆಯ ಮೇಲೆ ಗ್ಯಾಂಗ್ಲಿಯೋಸೈಡ್ ಎಂಬ, ಸಕ್ಕರೆ ಹೊತ್ತ ಕೊಬ್ಬಿನ ಅಣುಗಳಿವೆ. ವಿಷ ಮೊದಲು ಹಿಡಿಯುವುದು ಅವನ್ನೇ. ಆದರೆ "ಗ್ಯಾಂಗ್ಲಿಯೋಸೈಡ್ ಒಂದು ರಿಸೆಪ್ಟರ್", ಅಂದರೆ ಬೇರೆ ಅಣು ಬಂದು ಅಂಟುವ ಜಾಗ, ಎಂದು ಒಂದು ಸಾಲು ಬರೆದರೆ ಸಾಲದು. ಅಣು ಎಷ್ಟು ಕಡೆ ಹಿಡಿಯುತ್ತದೆ ಎಂದು ಕೇಳಿ, ಆಗ ವಿಷಯ ಬಿಚ್ಚಿಕೊಳ್ಳುತ್ತದೆ.

ಗ್ಯಾಂಗ್ಲಿಯೋಸೈಡ್‌ನ ರಚನೆ ಬೇಗ ಮುಗಿಸೋಣ. ಸೆರಮೈಡ್ ಎಂಬ ಕೊಬ್ಬಿನ ಬಾಲ ಪೊರೆಯ ಹೊರಪದರದಲ್ಲಿ ಹೂತಿರುತ್ತದೆ. ಸಕ್ಕರೆಗಳ ತಲೆ ಹೊರಗೆ ಚಾಚಿರುತ್ತದೆ. ಅದರಲ್ಲಿ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಇರಲೇಬೇಕು. ಹೆಸರುಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಜಿಎಂ1 ಎಂಬ ಗ್ಯಾಂಗ್ಲಿಯೋಸೈಡ್‌ನ ಹೆಸರಿನಲ್ಲಿರುವ 'ಎಂ' ಅಂದರೆ ಒಂದು ಸಿಯಾಲಿಕ್ ಆಮ್ಲ, 'ಡಿ' ಎರಡು, 'ಟಿ' ಮೂರು, 'ಕ್ಯೂ' ನಾಲ್ಕು.

ಸಿಯಾಲಿಕ್ ಆಮ್ಲಕ್ಕೆ ಋಣ ಚಾರ್ಜ್ ಇದೆ. ಹಾಗಾಗಿ ಧನ ಚಾರ್ಜ್ ಇರುವ ಪ್ರೋಟೀನ್ ಭಾಗಗಳು ಹತ್ತಿರ ಬರುತ್ತವೆ. ಬಂದ ಮೇಲೆ ಸಕ್ಕರೆಯ ಹೈಡ್ರಾಕ್ಸಿಲ್ ಗುಂಪುಗಳ ಜೊತೆ ಹೈಡ್ರೋಜನ್ ಬಂಧಗಳು ಆಗುತ್ತವೆ. ಆ ತಲೆಯಲ್ಲಿರುವ ಗ್ಯಾಲಕ್ಟೋಸ್ ಎಂಬ ಸಕ್ಕರೆಯ ಒಂದು ಮುಖಕ್ಕೆ ನೀರು ಅಷ್ಟಾಗಿ ಒಗ್ಗುವುದಿಲ್ಲ. ಪ್ರೋಟೀನ್‌ನಲ್ಲಿರುವ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದ ಚಪ್ಪಟೆ ಉಂಗುರ ಆ ಮುಖದ ಮೇಲೆ ಕೂರುತ್ತದೆ. ಇಷ್ಟೆಲ್ಲ ಸೇರಿದರೂ ಒಂದು ಸಕ್ಕರೆಯ ಹಿಡಿತ ಸಾಮಾನ್ಯವಾಗಿ ಸಡಿಲವೇ. ಬದುವಿನ ಮೇಲೆ ನಡೆದಾಗ ಪಂಚೆಗೆ ಹತ್ತುವ ಉತ್ತರಾಣಿ ಕಾಯಿ ಗೊತ್ತಲ್ವಾ? ಒಂದೇ ಆದರೆ ಕೊಡವಿದರೆ ಬೀಳುತ್ತದೆ. ಸಾಲಾಗಿ ಹತ್ತಿದರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ.

ಕಾಲರಾ ವಿಷ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಕೆಲಸ ಮಾಡುವುದು ಕರುಳಿನಲ್ಲಿ. ಆದರೆ ಅದು ಹಿಡಿಯುವ ಜಿಎಂ1 ನರಕೋಶದಲ್ಲೂ ಇದೆ. ಅದಕ್ಕೇ ನರಗಳ ದಾರಿ ಗುರುತಿಸಲು ಲ್ಯಾಬುಗಳಲ್ಲಿ ಆ ವಿಷದ ಅಂಟುವ ಭಾಗವಾದ ಬಿ ಭಾಗವನ್ನು ಬಳಸುತ್ತಾರೆ. ಬಿ ಭಾಗದಲ್ಲಿ ಐದು ತುಂಡುಗಳಿವೆ, ಅಂದರೆ ಐದು ಜಿಎಂ1ಗಳಿಗೆ ಜಾಗ. ಪ್ರತಿ ಜಾಗವೂ ಜಿಎಂ1ರ ತುದಿಯ ಗ್ಯಾಲಕ್ಟೋಸ್ ಮತ್ತು ಸಿಯಾಲಿಕ್ ಆಮ್ಲ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಹಾಗಾಗಿ ಹಿಡಿತ ತುಂಬಾ ಬಿಗಿ.

ಧನುರ್ವಾಯುವಿನ ವಿಷಕ್ಕೆ ಸಕ್ಕರೆ ಹಿಡಿಯುವ ಎರಡು ಜಾಗಗಳಿವೆ. ಜಿಟಿ1ಬಿ, ಜಿಡಿ1ಬಿ ಎಂಬ ಗ್ಯಾಂಗ್ಲಿಯೋಸೈಡ್‌ಗಳು ಅದಕ್ಕೆ ಇಷ್ಟ. ನರಕ್ಕೇ ತಗುಲುವ ಇನ್ನೊಂದು ಬ್ಯಾಕ್ಟೀರಿಯಾ ವಿಷ ಬಾಟುಲಿನಂ. ಅದರ ಲೆಕ್ಕ ಸ್ವಲ್ಪ ಬೇರೆ. ಮೊದಲು ಗ್ಯಾಂಗ್ಲಿಯೋಸೈಡ್, ಆಮೇಲೆ ಒಂದು ಪ್ರೋಟೀನ್. ಈ ಎರಡು ರಿಸೆಪ್ಟರ್‌ಗಳ ವಿಚಾರವನ್ನು 1986ರಲ್ಲಿ ವಿಜ್ಞಾನಿ ಮಾಂಟೆಕುಕ್ಕೊ ಮುಂದಿಟ್ಟರು. ಬಾಟುಲಿನಂ ವಿಷದ ಎ ವಿಧಕ್ಕೆ ಆ ಪ್ರೋಟೀನ್ ಎಸ್‌ವಿ2, ಬಿ ವಿಧಕ್ಕೆ ಸಿನಾಪ್ಟೋಟ್ಯಾಗ್ಮಿನ್. ಎರಡೂ ಸಿನಾಪ್ಸ್‌ನ, ಅಂದರೆ ನರಕೋಶ ಮುಂದಿನ ಕೋಶಕ್ಕೆ ಸಂದೇಶ ದಾಟಿಸುವ ಜಾಗದ, ಕಿರುಚೀಲಗಳ ಪೊರೆಯಲ್ಲಿ ಇರುತ್ತವೆ. ವಿಷ ಹಿಡಿಯುವ ಅವುಗಳ ಭಾಗ ಚೀಲದ ಒಳಮುಖಕ್ಕಿರುತ್ತದೆ. ನರಕೋಶ ಸಂದೇಶ ಕಳಿಸಲು ಚೀಲ ತೆರೆದಾಗ ಅದು ಹೊರಗೆ ಕಾಣುತ್ತದೆ. ಅಷ್ಟು ಹೊತ್ತಿಗೆ ವಿಷ ಸಕ್ಕರೆ ಹಿಡಿದು ಕಾಯುತ್ತಿರುತ್ತದೆ! ಹೆಚ್ಚು ಕೆಲಸ ಮಾಡುವ ನರದ ತುದಿ ವಿಷವನ್ನು ಜಾಸ್ತಿ ಒಳಗೆ ತೆಗೆದುಕೊಳ್ಳುವುದು ಇದಕ್ಕೇ. ಈ ಪಾಠದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಇದು.

ಟಿಟಿ ಯಾಕೆ ಮೊದಲೇ ಹಾಕಿಸಿಕೊಂಡಿರಬೇಕು ಎನ್ನುವುದೂ ಇಲ್ಲೇ ತಿಳಿಯುತ್ತದೆ. ಟಿಟಿಯಿಂದ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಬಿಡಿಯಾಗಿ ತಿರುಗುವ ವಿಷವನ್ನು ತಡೆಯಬಲ್ಲವು. ನರದೊಳಗೆ ಹೋದದ್ದು ಅವಕ್ಕೆ ಎಟುಕುವುದಿಲ್ಲ.

ನಮ್ಮದೇ ಪ್ರತಿಕಾಯಗಳೂ ಈ ಸಕ್ಕರೆಗಳಿಗೆ ಅಂಟಬಹುದು. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಬ್ಯಾಕ್ಟೀರಿಯಾದ ಕೆಲವು ತಳಿಗಳ ಹೊರಮೈ ಸಕ್ಕರೆ ಜಿಎಂ1ನ್ನು ಹೋಲುತ್ತದೆ. ಹಾಗಾಗಿ ಅದರ ವಿರುದ್ಧ ಹುಟ್ಟಿದ ಪ್ರತಿಕಾಯ ನಮ್ಮ ನರದ ಜಿಎಂ1ಗೂ ಅಂಟಬಹುದು. ಅದರ ಭೇದಿ ಬಂದ ಮೇಲೆ ಕೆಲವರಲ್ಲಿ ಗಿಯಾನ್-ಬಾರೆ ಸಿಂಡ್ರೋಮ್ ಬಂದು ಕೈಕಾಲು ಸೋಲುತ್ತವೆ. ಜಿಕ್ಯೂ1ಬಿಗೆ ಅಂಟುವ ಪ್ರತಿಕಾಯಗಳು ಈ ಸಿಂಡ್ರೋಮ್‌ನ ಮಿಲ್ಲರ್ ಫಿಶರ್ ಎಂಬ ಬಗೆಯಲ್ಲಿ ಸಿಗುತ್ತವೆ. ಅದರಲ್ಲಿ ಕಣ್ಣಿನ ಚಲನೆ ಕೆಡುತ್ತದೆ.

ಇನ್ನೊಂದು ವಿಷಯ ಗಮನಿಸಿ. ಪ್ಲೇಟಿನ ಮೇಲೆ ಶುದ್ಧ ಜಿಎಂ1 ಇಟ್ಟು ಎಲೈಸಾ (ಪ್ರತಿಕಾಯ ಅಂಟುತ್ತದೆಯೇ ಎಂದು ನೋಡುವ ಲ್ಯಾಬ್ ಪರೀಕ್ಷೆ) ಮಾಡಿದಾಗ ಅಂಟುವ ಪ್ರತಿಕಾಯ, ಜೀವಂತ ನರದಲ್ಲಿ ಅಂಟದೆ ಇರಬಹುದು. ಅಲ್ಲಿ ಪಕ್ಕದ ಜಿಡಿ1ಎಯಂಥ ಗ್ಯಾಂಗ್ಲಿಯೋಸೈಡ್‌ಗಳು ಜಿಎಂ1ನ್ನು ಮರೆಮಾಡುತ್ತವೆ. ಇಲಿಗಳ ನರಗಳಲ್ಲಿ ಸಿಯಾಲಿಡೇಸ್ ಕಿಣ್ವ ಹಾಕಿ ಪಕ್ಕದವುಗಳ ಸಿಯಾಲಿಕ್ ಆಮ್ಲ ತೆಗೆದಾಗ, ಅದೇ ಪ್ರತಿಕಾಯ ಬಂದು ಅಂಟಿತು.